ನಾಲ್ಕನೇ ನಂಬರಿನ ಬಾಟಲಿ

ಮೊನ್ನೆ ಬೆಳಿಗ್ಗೆ ಮನೆಯವಳು ಬೆಲ್ಲದ ನೀರಿಗೆ ರವೆ ಸುರಿದು ಕುದಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು. ದೊಡ್ಡಬಳ್ಳಾಪುರದ ಕಾಲೇಜಿನ ಲ್ಯಾಬಿನಲ್ಲಿ ನಾನು ವರ್ಷಗಟ್ಟಲೆ ಬೇಯಿಸಿದ್ದು ಅದನ್ನೇ... ತಿನ್ನುವವರು ಮನುಷ್ಯರಲ್ಲ, ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಲ್ಯಾಬಿನ ಅಟೆಂಡರ್ ಆಗಿ, ತೂಬಗೆರೆಯಿಂದ ಮೊದಲ ಬಸ್ಸಿಗೆ ಹೋಗಿ ಬಾಗಿಲು ತೆಗೆಯುತ್ತಿದ್ದೆ. ನನ್ನ ಬಾಟಲಿಗಳಲ್ಲಿ ಒಂದು ದಿನವೂ ಬೂಷ್ಟು ಹಿಡಿದದ್ದಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ.

ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟುತ್ತದಲ್ಲ, ಅದಕ್ಕೆ ಕೊಡುವ ಮೂರು ಔಷಧಿಗಳನ್ನು ಮೇಷ್ಟ್ರು ಪರೀಕ್ಷೆಗೆ ಹಿಡಿದಿದ್ದರು. ಔಷಧಿ ಬೆರೆಸಿದ ಆಹಾರವನ್ನು ನೊಣದ ಮರಿಹುಳುಗಳಿಗೆ ತಿನ್ನಿಸುವುದು, ಅವು ನೊಣಗಳಾದ ಮೇಲೆ ರೆಕ್ಕೆ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಔಷಧಿ ವಂಶವಾಹಿಯನ್ನು ಕೆಡಿಸಿ ಕ್ಯಾನ್ಸರಿಗೆ ದಾರಿ ಮಾಡುವಂಥದ್ದಾದರೆ, ಒಂಟಿ ರೋಮ ಇರಬೇಕಾದ ಕಡೆ ಗುಂಪು ರೋಮದ ಕಲೆ ಕಾಣುತ್ತದೆ. ನೋಡುವವರಿಗೆ ಯಾವ ಬಾಟಲಿಯಲ್ಲಿ ಏನಿದೆಯೆಂದು ತಿಳಿಯಬಾರದು. ಹಾಗಾಗಿ ಮಾತ್ರೆ ಅರೆದು ಬೆರೆಸಿ, ಔಷಧಿಯಿಲ್ಲದ ಬಾಟಲಿಯೂ ಸೇರಿ ನಾಲ್ಕಕ್ಕೂ ನಂಬರು ಹಾಕಿ, ಯಾವುದರಲ್ಲಿ ಏನೆಂದು ಚೀಟಿ ಬರೆದು ಲಕೋಟೆ ಅಂಟಿಸಿಡುವುದು ನನ್ನ ಕೆಲಸ.

"ನಾನೇ ಕಾಲಿಗೆ ಬಿದ್ದು ಕೇಳಿದ್ರೂ ಹೇಳ್ಬೇಡ ಕಣಯ್ಯ," ಎಂದಿದ್ದರು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಮೇಷ್ಟ್ರು ಜೇಬಿನಿಂದ ಮಾತ್ರೆ ತೆಗೆದು ನುಂಗಿದರು. ಮಾತ್ರೆಗೆ ಸುತ್ತಿದ್ದ ಆ ಹಸಿರು ಹಾಳೆ ನನಗೆ ಗೊತ್ತಿತ್ತು. ಅದೇ ಮಾತ್ರೆಯನ್ನು ನಾನು ಅರೆದು ನಾಲ್ಕನೇ ನಂಬರಿನ ಬಾಟಲಿಗೆ ಬೆರೆಸಿದ್ದೆ. ತಾವು ನುಂಗುವುದು ಆ ಮೂರರಲ್ಲಿ ಒಂದು ಎಂದು ಅವರಿಗೂ ಗೊತ್ತು. ಯಾವ ನಂಬರು ಎಂಬುದು ಮಾತ್ರ ನನಗೊಬ್ಬನಿಗೆ.

ವಾರ ಕಳೆದಂತೆ ಅವರು ರೆಕ್ಕೆ ನೋಡುತ್ತ, "ನಾಲ್ಕರಲ್ಲಿ ಮತ್ತೆ ಕಲೆ," ಎನ್ನುವುದು ಹೆಚ್ಚಾಯಿತು. ನಾನು ಗಾಜು ತೊಳೆಯುತ್ತ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಏನಪ್ಪಾ ಅದು ನಾಲ್ಕು? ಬೆಲ್ಲ ಏನಾದ್ರೂ ಕೆಟ್ಟಿತ್ತಾ?"

"ಬೆಲ್ಲ ಚೆನ್ನಾಗೇ ಇದೆ ಸಾರ್. ರೂಲ್ಸ್ ಮಾಡಿದ್ದು ನೀವೇ."

"ಭಲೇ! ಏಳನೇ ಕ್ಲಾಸಿನೋನು ನನಗೇ ಪರೀಕ್ಷೆ ಇಡ್ತಿದ್ದೀಯ!" ಎಂದು ನಕ್ಕು, ಮಾತ್ರೆ ಬಾಯಿಗೆ ಹಾಕಿಕೊಂಡರು. ನೀರು ಕೊಟ್ಟವನು ನಾನೇ.

ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ನಂಬಿ ಒಪ್ಪಿಸಿದ ಕೆಲಸವನ್ನು ಕೆಡಿಸಿದ ಎನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಕೆಲಸ ಮುಗಿಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಲಕೋಟೆ ಒಡೆದ ದಿನ ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿದರು. ಕೈ ತಾನಾಗಿ ಜೇಬಿಗೆ ಹೋಯಿತು.

"ನಾನು ನುಂಗೋದು ಇದೇ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

ಮೇಷ್ಟ್ರು ಚೀಟಿಯನ್ನು ಮಡಿಸಿ ಮತ್ತೆ ಲಕೋಟೆಗೆ ಸೇರಿಸಿದರು.

"ನೀನು ಬಾಯಿ ಬಿಟ್ಟಿದ್ರೆ ಅಷ್ಟೂ ಕೆಲಸ ನೀರುಪಾಲಾಗ್ತಿತ್ತು. ಸರಿಯಾಗೇ ಮಾಡ್ದೆ."

ನೊಣಕ್ಕೆ ಆದದ್ದು ಮನುಷ್ಯನಿಗೂ ಆಗಬೇಕೆಂದಿಲ್ಲ, ಇನ್ನೊಂದು ಸಲ ಮಾಡಿ ನೋಡೋಣ ಎಂದೂ ಅಂದರು. ಅಂದದ್ದು ನನಗೋ, ತಮಗೋ... ಡಾಕ್ಟರನ್ನು ಕಾಣಬೇಕೆಂದು ರಜೆ ಹಾಕಿ ಹೋದವರು ಲ್ಯಾಬಿಗೆ ಮರಳಲಿಲ್ಲ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಮನೆಗೆ ಹೋಗಿದ್ದೆ. ಅವರ ಮನೆಯಾಕೆ ಕುರ್ಚಿ ಹಾಕಿ, "ನಿಮ್ಮಂಥ ನಂಬಿಕಸ್ಥರು ಸಿಗಲ್ಲ ಅಂತ ಕೊನೇವರೆಗೂ ಹೇಳ್ತಿದ್ರು," ಎಂದರು. ಏನು ಕಾಯಿಲೆಯಾಗಿತ್ತು ಎಂದು ಕೇಳಲು ಹೋಗಿದ್ದವನು ಕೇಳದೆ ಎದ್ದು ಬಂದೆ. ಈಗ ಆ ಕಡೆ ಕೆಲಸ ಬಿದ್ದರೆ, ಅವರ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ.