ಭಟ್ಕಳ ದಾಟಿದ ಮೇಲೆ

ಕಳೆದ ವಾರ ಕುಮಟೆಯ ಫರ್ನಿಚರ್ ಅಂಗಡಿಯೊಂದರಲ್ಲಿ ಮಗುವಿನ ಮಂಚದ ಅಂಚಿಗೆ ನನ್ನ ಸೆರಗು ಸಿಕ್ಕಿಕೊಂಡಿತು. ಸಿಕ್ಕಿಕೊಂಡಿತು ಎನ್ನುವುದು ಸರಿಯಲ್ಲ, ನಾನೇ ಸಿಕ್ಕಿಸಿದೆ. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮಂಚದ ಅಂಚಿನ ಮೇಲೆ, ಆಮೇಲೆ ಅದರ ಅಡಿಗೆ, ನಿಧಾನಕ್ಕೆ ಎಳೆಯುತ್ತ ಹೋದೆ. ಒಂದು ಕಡೆ ನೂಲು ಹಿಡಿಯಿತು. ಹೊಸ ಪ್ಲೈವುಡ್ಡಿನ, ಅಂಟಿನ ವಾಸನೆ.

"ಎಂತ ಮಾಡ್ತೆ ಅಮ್ಮ, ಸೀರೆ ಹರೀತದೆ," ಎಂದಳು ಬಸುರಿ ಮಗಳು. ಕೊಳ್ಳುವುದು ಹೆರಿಗೆಯಾದ ಮೇಲೆಯೇ; ಸುಮ್ಮನೆ ನೋಡಲು ಬಂದಿದ್ದೆವು.

ಆ ಪರೀಕ್ಷೆ ನನ್ನದಲ್ಲ. ಹೊನ್ನಾವರದ ನಮ್ಮ ಎದುರುಮನೆ ಅಕ್ಕನದು. "ಸೀರೆಗೆ ಹಿಡ್ದದ್ದು ಮಗು ಕೈಗೂ ಹಿಡೀತದೆ ತಂಗಿ. ಮೇಲೆ ಎಲ್ಲರೂ ನುಣುಪು ಮಾಡ್ತ್ರು, ಅಡಿಗೆ ನೋಡು," ಎನ್ನುತ್ತಿದ್ದರು.

ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಅವರಿಗೆ ನಲವತ್ತರ ಹತ್ತಿರ. ಒಬ್ಬಳೇ ಮಗಳು, ಶಾಲೆಗೆ ಹೋಗುತ್ತಿದ್ದಳು. ಒಂದನ್ನೇ ಹೆತ್ತಿದ್ದರೂ ಹೆರಿಗೆ, ಮಗು, ಮನೆಸಾಮಾನು ಎಂದರೆ ಬೀದಿಯ ಹೆಂಗಸರು ಅವರ ಜಗಲಿಗೇ ಹೋಗುತ್ತಿದ್ದರು. ವಾಕರ್ ಬೇಡ, ಗೋಡೆ ಹಿಡಿದು ಏಳಲಿ. ಮಗು ಮೀಯಿಸಲು ಸಣ್ಣ ಟಬ್ಬು ದಂಡ, ದೊಡ್ಡದು ತಂದರೆ ನಾಳೆ ಬಟ್ಟೆ ನೆನೆಸಲಿಕ್ಕಾದರೂ ಆದೀತು. ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಕಸೂತಿಯನ್ನೆಲ್ಲ ಸುರಿದು ನಾನು ಹೊಲಿದ ಪುಟ್ಟ ಅಂಗಿಯನ್ನು ಅವರು ಒಳಮಗ್ಗುಲು ತಿರುಗಿಸಿ ಕೆನ್ನೆಗೆ ಉಜ್ಜಿಕೊಂಡರು. "ಚಂದ ಆಯ್ದು. ಹೂವು ನೋಡೂದು ನಾವು, ಗಂಟು ಚುಚ್ಚೂದು ಮಗುಗೆ," ಎಂದು ನಕ್ಕು, ಹಳೆಯ ಹತ್ತಿ ಸೀರೆಯೊಂದನ್ನು ಹರಿದು ಕೈಗೆ ಕೊಟ್ಟರು.

ಅವರ ಮನೆಯ ಹಲಸಿನ ಮರದ ತೊಟ್ಟಿಲಲ್ಲಿ ನಮ್ಮ ಬೀದಿಯ ಎಷ್ಟೋ ಮಕ್ಕಳು ಮಲಗಿದ್ದವು. ಕೇಳಿದವರಿಗೆಲ್ಲ ಕೊಡುತ್ತಿದ್ದರು. ಒಂದೇ ಕರಾರು… ಹಿಂದೆ ಕಳಿಸುವಾಗ ಖಾಲಿ ಬರಬಾರದು, ಒಂದು ತೆಂಗಿನಕಾಯಿಯನ್ನಾದರೂ ಮಲಗಿಸಿ ಕಳಿಸಬೇಕು.

ಹೆರಿಗೆಯ ವಿಷಯದಲ್ಲಿ ಮಾತ್ರ ಅವರು ನಗುತ್ತಿರಲಿಲ್ಲ. ಅವರ ಅಕ್ಕ ಗೇರುಸೊಪ್ಪೆಯಿಂದ ಆಸ್ಪತ್ರೆಗೆ ಬರುವ ದಾರಿಯಲ್ಲೇ ತೀರಿಹೋಗಿದ್ದರಂತೆ. "ಎಂಟು ತಿಂಗಳು ತುಂಬಿದ ಮೇಲೆ ಭಟ್ಕಳದಿಂದ ಈಚೆ ಇರೂದಲ್ಲ," ಎನ್ನುತ್ತಿದ್ದರು. ದೊಡ್ಡ ಆಸ್ಪತ್ರೆಗಳೆಲ್ಲ ಉಡುಪಿಯ ಕಡೆಗೆ. ಕಷ್ಟದ ಹೆರಿಗೆ ಎಂದರೆ ನಮ್ಮವರು ತೆಂಕು ದಿಕ್ಕಿಗೇ ಓಡಬೇಕು. ನನ್ನ ತವರು ಕುಮಟೆ, ಇನ್ನೂ ಬಡಗು. ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ಬಂದ ನನ್ನ ಅಮ್ಮನನ್ನು ಅವರು ಜಗಲಿಯಲ್ಲೇ ತಡೆದರು. "ತವರಿಗೆ ಹೋಗೂದು ಹೆತ್ತ ಮೇಲೂ ಆತದೆ ಅಮ್ಮಾ. ಮೊದ್ಲು ಹೆರೂಕೆ ಬಿಡಿ." ಅಮ್ಮನಿಗೆ ಸಿಟ್ಟು ಬಂತು. ಆದರೂ ನನ್ನನ್ನು ಕುಂದಾಪುರದ ಚಿಕ್ಕಮ್ಮನ ಮನೆಯಲ್ಲಿ ಇಟ್ಟರು. ನೋವು ಶುರುವಾದ ದಿನ ಮಗು ಅಡ್ಡ ತಿರುಗಿತ್ತು; ಸಮಯಕ್ಕೆ ಸರಿಯಾಗಿ ಆಪರೇಷನ್ ಆಯಿತು. ಹಾಗೆ ಉಳಿದವಳು ಈಗ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದಾಳೆ.

ಕೆಲವು ವರ್ಷ ಕಳೆದು ಅಕ್ಕನ ಮಗಳ ಮದುವೆಯಾಯಿತು. ಗಂಡನ ಮನೆ ಉಡುಪಿ, ದೊಡ್ಡಾಸ್ಪತ್ರೆಗೆ ರಿಕ್ಷಾದಲ್ಲಿ ಹೋಗುವಷ್ಟೇ ದೂರ. ಹೆರಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿತ್ತು? ಆದರೆ ಸೀಮಂತದ ಊಟದ ಪಂಕ್ತಿಯಲ್ಲಿ, ಮಾವಿನಕುರ್ವೆಯಿಂದ ಬಂದಿದ್ದ ಅವರ ನಾದಿನಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಅತ್ತಿಗೆಗೆ ಊರಿಗೆಲ್ಲ ಬುದ್ಧಿ ಹೇಳೂಕೆ ಪುರುಸೊತ್ತು ಇದ್ದು. ಸ್ವಂತ ಮಗಳ ಬಾಣಂತನ ಬೀಗರ ಮೈಮೇಲೆ." ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಬಡಿಸುತ್ತಿದ್ದ ಸೌಟು ಮಾತ್ರ ಪಾಯಸದಲ್ಲೇ ನಿಂತಿತ್ತು.

ಆಮೇಲೆ ಅಕ್ಕ ಮಗಳನ್ನು ಹೊನ್ನಾವರಕ್ಕೆ ಕರೆದುಕೊಂಡು ಬಂದರು. "ಸ್ವಲ್ಪ ದಿನ ಅಷ್ಟೇ ತಂಗಿ, ಎಂಟು ತುಂಬೂದ್ರೊಳಗೆ ಬಿಟ್ಟು ಬತ್ತೆ," ಎಂದರು ನನಗೆ. ದಿನವೂ ತಾಜಾ ಮೀನು, ಸಂಜೆ ಜಗಲಿಯಲ್ಲಿ ಮಗಳ ತಲೆಗೆ ಎಣ್ಣೆ. ಹುಡುಗಿ ತವರಿನಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಎಂಟು ತುಂಬಿತು. ನಾನು ಕೇಳಿದಾಗ, "ಬರೂ ಸೋಮಾರ ಹೊರಡೂದೇ," ಎಂದರು. ತೊಟ್ಟಿಲನ್ನು ಇಳಿಸಿ, ಒರೆಸಿ, ಅಂಚಿನ ಉದ್ದಕ್ಕೂ ಸೆರಗು ಎಳೆದು ನೋಡುತ್ತಿದ್ದರು.

ಸೋಮವಾರ ಬರಲಿಲ್ಲ. ಅದಕ್ಕೂ ಮೊದಲೇ ಒಂದು ಮಧ್ಯಾಹ್ನ ಹುಡುಗಿಗೆ ರಕ್ತಸ್ರಾವ ಶುರುವಾಯಿತು. ಇಲ್ಲಿಯ ಡಾಕ್ಟರು ನೋಡಿ, ತಡಮಾಡದೆ ಉಡುಪಿಗೆ ಒಯ್ಯಲು ಹೇಳಿದರು. ಬಾಗಿಲ ಬದಿಯಲ್ಲಿ ಸಿದ್ಧವಾಗಿದ್ದ ಚೀಲವನ್ನು ಆಂಬುಲೆನ್ಸಿನೊಳಗೆ ನಾನೇ ಕೊಟ್ಟೆ. ಒಳಗೆ ಮೆತ್ತಗಿನ ಹಳೆ ಸೀರೆಯ ತುಂಡುಗಳು, ಒಂದು ಪುಟ್ಟ ಟೊಪ್ಪಿ.

ಭಟ್ಕಳ ದಾಟಿ ಶಿರೂರಿನ ಹತ್ತಿರ ಹುಡುಗಿಯ ಉಸಿರು ನಿಂತಿತು. ಮಗುವೂ ಉಳಿಯಲಿಲ್ಲ.

ನೋಡಲು ಹೋದವರ ಕೈ ಹಿಡಿದುಕೊಂಡು ಅಕ್ಕ ಒಂದೇ ಮಾತು ಹೇಳುತ್ತಿದ್ದರು, ಯಾರೋ ಲೆಕ್ಕ ತಪ್ಪಿಸಿದ್ದಾರೆ ಎನ್ನುವ ಹಾಗೆ. "ಭಟ್ಕಳ ದಾಟಿತ್ತು ತಂಗಿ… ಭಟ್ಕಳ ದಾಟಿತ್ತು."

ಆಮೇಲೆ ಆ ತೊಟ್ಟಿಲನ್ನು ಯಾರೂ ಕೇಳಲಿಲ್ಲ. ಬಸುರಿಯರು ಆ ಮನೆಯ ಮುಂದೆ ಹಾಯುವಾಗ ಬೀದಿಯ ಈಚೆ ಮಗ್ಗುಲಿಗೆ ಬರುತ್ತಿದ್ದರು. ಅಕ್ಕ ಅದನ್ನು ಜಗಲಿಯಿಂದ ನೋಡುತ್ತಿದ್ದರು. ನಾನು ನಮ್ಮ ಕಿಟಕಿಯಿಂದ. ಒಮ್ಮೆ ಎಂತದೋ ಬೇಕಾಗಿ ಅವರ ಉಗ್ರಾಣಕ್ಕೆ ಹೋದರೆ, ತೊಟ್ಟಿಲ ತುಂಬ ತೆಂಗಿನಕಾಯಿ ಪೇರಿಸಿಟ್ಟಿದ್ದರು. ಖಾಲಿ ಇಡಲು ಅವರ ಕೈಲಿ ಆಗಿರಲಿಲ್ಲ.

ನನಗೆ ಎರಡನೆಯದು ನಿಂತಾಗ, ಯಾರು ಏನಂದರೂ ಅನ್ನಲಿ ಎಂದು ಮೊದಲು ಅವರಿಗೇ ಹೇಳಲು ಹೋದೆ. ಎಲ್ಲಿ ತೋರಿಸಲಿ ಅಕ್ಕ, ಯಾವಾಗ ಹೊರಡಲಿ ಎಂದೆ. ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಂಗೆ ಎಂತ ಗೊತ್ತು ತಂಗಿ."

ಅಷ್ಟೇ. ತೀರಿಕೊಳ್ಳುವವರೆಗೂ ಅವರ ಬಾಯಿಂದ ಇನ್ನೊಂದು ಅಭಿಪ್ರಾಯ ನಾನು ಕೇಳಲಿಲ್ಲ.

ಈಗ ನನ್ನ ಮಗಳಿಗಾಗಿ ಕುಂದಾಪುರದಲ್ಲಿ ಒಂದು ಕೋಣೆ ಗೊತ್ತು ಮಾಡಿದ್ದೇವೆ. "ಬಾಣಂತನ ಮಾಡೂಕೆ ಬೇಜಾರಾ?" ಎಂದು ಬೀಗಿತಿ ಕೇಳಿಯಾಯಿತು. ರಸ್ತೆ ಅಗಲವಾಗಿದೆ. ಆದರೂ ಓಡುವುದು ತೆಂಕಿಗೇ… ಕೋಣೆ ಹಿಡಿಯಲಾಗದವರು ಏನು ಮಾಡುತ್ತಾರೋ. ಕೋಣೆ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯವೂ ನನಗಿಲ್ಲ. ಸರಿ ಮಾಡಿದೆಯೋ ತಂಗಿ, ತಪ್ಪು ಮಾಡಿದೆಯೋ ಎಂದು ಹೇಳಲು ಎದುರುಮನೆಯಲ್ಲಿ ಯಾರೂ ಇಲ್ಲ.

"ಇದು ಚಲೋ ಇದ್ದಾ ಅಮ್ಮ? ಹೇಳು," ಎಂದಳು ಮಗಳು, ಮಂಚದ ಮೇಲೆ ಕೈಯಿಟ್ಟು. ನಂಗೆ ಎಂತ ಗೊತ್ತು ಎನ್ನಬೇಕೆನಿಸಿತು. ಬದಲಿಗೆ, ಅವಳ ಕೈಯನ್ನು ಆ ಅಂಚಿನಿಂದ ಎತ್ತಿ, ಎದ್ದ ನೂಲನ್ನು ಸೆರಗಿನೊಳಗೆ ಮಡಚಿ ಸಿಕ್ಕಿಸಿಕೊಂಡೆ.