ಬೆಂಕಿಗೆ ಬಣ್ಣ ಬಂದ ಸಂಜೆ

ಆ ಚಿತ್ರದಲ್ಲಿ ಕೋಟೆ ಉರಿಯುವುದು ಕಪ್ಪು-ಬಿಳುಪಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಸವಣೂರಿಗೆ ಬಂದಿದ್ದೆ. ಸಂತೆ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕಿ, ಹದಿನೆಂಟುನೂರಾ ಐವತ್ತೇಳರ ದಂಗೆಯ ಹಿಂದಿ ಚಿತ್ರವೊಂದನ್ನು ತಂದಿದ್ದರು. ಅದು ಶಿಗ್ಗಾವಿಯಲ್ಲಿ ಆಡಿ, ಹೆಸರು ಮಾಡಿಯೇ ಬಂದಿತ್ತು. ಹೆಸರು ನಟರಿಂದ ಬಂದದ್ದಲ್ಲ. ಚಿತ್ರದಲ್ಲಿ ತೋಪು ಹಾರಿದಾಗಲೆಲ್ಲ ಡೇರೆಯ ಮಾಲಕ ತಾನೇ ಪರದೆಯ ಹಿಂದೆ ನಿಂತು ಮದ್ದು ತುಂಬಿದ ದೊಡ್ಡ ಪಟಾಕಿ ಹಚ್ಚುತ್ತಿದ್ದ. ಹಿರೇಬೆಂಡಿಗೇರಿಯಿಂದ ಚಕ್ಕಡಿ ಕಟ್ಟಿಕೊಂಡು ಹೋದವರು ಆ ಸದ್ದಿಗಾಗಿಯೇ ಎರಡನೇ ಸಲ ಟಿಕೀಟು ತೆಗೆಸಿದರಂತೆ. ದಂಗೆಯ ಇತಿಹಾಸವನ್ನು ನಾನು ಪರೀಕ್ಷೆಗೆ ಓದಿದ್ದೆ. ಆದರೆ ತೋಪಿನ ಸದ್ದು ಎದೆಗೆ ಬಡಿದಾಗ ಆಗುವುದೇ ಬೇರೆ. ಅದನ್ನು ಈಗಲೂ ಒಪ್ಪುತ್ತೇನೆ.

ಡೇರೆಯಲ್ಲಿ ನಮಗೆ ಹೆಂಗಸರಿಗೆ ಬೇರೆ ಜಾಗ. ನಡುವೆಯೂ ಸುತ್ತಲೂ ಬಿದಿರಿನ ತಟ್ಟಿ, ಹೊರಗೆ ಹೋಗಲು ತಟ್ಟಿಯದೇ ಒಂದು ಬಾಗಿಲು. ಚಿತ್ರ ಶುರುವಾಗುತ್ತಲೇ ಆ ಬಾಗಿಲನ್ನು ಪುಂಡಿ ನಾರಿನ ಹಗ್ಗದಿಂದ ಒಳಗಿನಿಂದ ಕಟ್ಟಬೇಕು. ಕತ್ತಲಲ್ಲಿ ಪುಂಡರು ನುಗ್ಗಬಾರದೆಂದು ಹೆಂಗಸರೇ ಜಗಳಾಡಿ ಮಾಡಿಸಿಕೊಂಡ ಪದ್ಧತಿ ಅದು. ಜಗಳಕ್ಕೆ ಮುಂದಾಗಿದ್ದವಳು ನಮ್ಮವ್ವ. ಹೀಗಾಗಿ ಗಂಟು ಹಾಕುವ ಅಧಿಕಾರವೂ ಅವಳದೇ. ಆಕಳು ಕಟ್ಟಿ ಪಳಗಿದ ಕೈ, ಗಂಟು ಅಲುಗುತ್ತಿರಲಿಲ್ಲ.

ಅವ್ವನಿಗೆ ಹಿಂದಿ ಬಾರದು. ಪಕ್ಕದಲ್ಲಿ ಕುಳಿತ, ಉರ್ದು ಮನೆಮಾತಿನ ನಮ್ಮ ಓಣಿಯ ಖಾಲಾ, ಅಂದರೆ ಚಿಕ್ಕಮ್ಮ, ಅವಳಿಗೆ ಹೇಳಿಕೊಡುತ್ತಿದ್ದರು. ಅವರ ಮನೆಯವರದು ಎಲೆಬಳ್ಳಿಯ ತೋಟ. ಮಡಿಲಲ್ಲಿ ಸದಾ ಎಲೆ-ಅಡಿಕೆಯ ಸಂಚಿ.

"ಏನಂತಾನ್ರೀ ಆ ಟೊಪಿಗಿ ಸಾಹೇಬ?" ಅಂದಳು ಅವ್ವ.

"ಕ್ವಾಟಿ ಬಿಟ್ಟು ಕೊಡು ಅಂತಾನ್ರೀ. ಅರಸ ಕೊಡೂದಿಲ್ಲ ಅಂತಾನ."

"ಕೊಡಬ್ಯಾಡ ಅಂತ ಹೇಳ್ರಿ ಅವಗ."

"ನನ್ನ ಮಾತು ಕೇಳ್ತಾನೇನ್ರೀ? ಅವಂದು ದಿಲ್ಲಿ ಹಿಂದಿ, ನಂದು ಸವಣೂರಿಂದು!"

ಸುತ್ತಲಿನವರು ನಕ್ಕರು. ಅಷ್ಟರಲ್ಲಿ ತೋಪು ಹಾರಿತು, ಪರದೆಯ ಹಿಂದೆ ಪಟಾಕಿ ಸಿಡಿಯಿತು, ಕೋಟೆಗೆ ಬೆಂಕಿ ಬಿತ್ತು. ಗಂಡಸರ ಕಡೆಯಿಂದ ಸಿಳ್ಳು. ಬಿಳಿ ಬೆಂಕಿ ಪರದೆಯ ತುಂಬ ಹಬ್ಬುತ್ತಿದ್ದಂತೆ ಬಲಗಡೆಯ ಮೂಲೆಯಲ್ಲಿ ಅದು ಕೆಂಪಾಯಿತು.

"ಬಣ್ಣ ಬಂತು ನೋಡ್ರಿ! ಬಣ್ಣದ ಪಿಚ್ಚರ್!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬಟ್ಟೆ ಸುಟ್ಟ ವಾಸನೆ ಮೂಗಿಗೆ ಬಡಿಯುವ ತನಕ ಅದು ಚಿತ್ರದ್ದೇ ಬೆಂಕಿ ಎಂದುಕೊಂಡಿದ್ದೆವು.

ಆಮೇಲೆ ಎಲ್ಲರೂ ಒಮ್ಮೆಲೇ ಎದ್ದರು. ಬಾಗಿಲು ಹೊರಗೆ ತೆರೆಯುವಂಥದ್ದು. ಹೆಂಗಸರು ನೂಕಿದಷ್ಟೂ ಹಗ್ಗ ಬಿಗಿಯಾಗುತ್ತಿತ್ತು, ಗಂಟು ಕಲ್ಲಾಗುತ್ತಿತ್ತು. ಎಲ್ಲರಿಗಿಂತ ಮುಂದೆ, ತಟ್ಟಿಗೆ ಎದೆಯೊತ್ತಿ ಅವ್ವ ನಿಂತಿದ್ದಳು. ಬೆನ್ನ ಹಿಂದೆ ಇಡೀ ಜನ. ಅವಳ ಉಸಿರು ಕಟ್ಟುತ್ತಿರುವುದು ನನಗೆ ಕೇಳಿಸುತ್ತಿತ್ತು.

"ಅವ್ವಾ, ಬಾಜೂಕ ಬಾ!"

"ನಾನ ಕಟ್ಟೇನಿ, ನಾನ ಬಿಚ್ತೇನಿ" ಎಂದಳು. ಉಗುರು ಕಿತ್ತು ರಕ್ತ ಬಂದಿತ್ತು. ಗಂಟು ಸಡಿಲಲಿಲ್ಲ.

ಹಿಂದೆ ಸರಿಯಿರಿ ಎಂದು ಒದರಿದೆ. ಬೆಂಕಿಗೆ ಬೆನ್ನು ಮಾಡಿದವರು ಯಾರು ಹಿಂದೆ ಸರಿಯುತ್ತಾರೆ? ಖಾಲಾ ಮಾತ್ರ ಒದರಲಿಲ್ಲ. ನನ್ನ ಕಂಕುಳ ಕೆಳಗೆ ತೂರಿ ಬಂದು ಸಂಚಿಗೆ ಕೈಹಾಕಿ ಅಡಕೊತ್ತು ತೆಗೆದರು.

"ಹಗ್ಗ ಹಿಡಿಯವಾ, ಜಗ್ಗಿ ಹಿಡಿ."

ನಾನು ಜಗ್ಗಿ ಹಿಡಿದೆ. ಅಡಿಕೆ ಹೋಳು ಮಾಡುವ ಆ ಪುಟ್ಟ ಬಾಯಿಂದ ಅವರು ಎಳೆ ಎಳೆಯಾಗಿ ಕತ್ತರಿಸಿದರು. ಕೊನೆಯ ಎಳೆ ತಾನಾಗಿಯೇ ಪಟ್ಟನೆ ಹರಿಯಿತು. ನಾವು ಮೂವರೂ ಬಾಗಿಲ ಸಮೇತ ಹೊರಗೆ ಬಿದ್ದೆವು. ನಮ್ಮ ಮೇಲೆ ಹಾಯ್ದು ಉಳಿದವರು ಹೊರಗೆ ಬಂದರು.

ಯಾರ ಜೀವವೂ ಹೋಗಲಿಲ್ಲ. ಗಂಡಸರು ಡೇರೆ ಕೆಡವಿ ಮಣ್ಣು ಹಾಕಿ ಬೆಂಕಿ ಆರಿಸಿದರು. ಮಾಲಕ ಅರ್ಧ ಮೀಸೆ ಸುಟ್ಟುಕೊಂಡು ಕೂತಿದ್ದ. ಅವ್ವ ಬಯಲಿನಲ್ಲಿ ಉಸಿರು ಎಳೆದುಕೊಳ್ಳುತ್ತ, ಮೊದಲು ಕೇಳಿದ್ದು ಖಾಲಾರನ್ನು: "ಕ್ವಾಟಿ ಏನಾತ್ರೀ?"

"ಉಳೀತ್ರೀ" ಎಂದರು ಖಾಲಾ, ಅಡಕೊತ್ತನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ನಾವು ಉಳದೇವಿ, ಅದೂ ಉಳದಿರತೈತಿ."

ಅದೇ ಅವ್ವನ ಇತಿಹಾಸವಾಯಿತು. ಅರಸ ಸೋತ, ಕೋಟೆ ಇಂಗ್ಲಿಷರ ಪಾಲಾಯಿತು ಎಂದು ನಾನು ಪುಸ್ತಕ ತೆರೆದು ತೋರಿಸಿದೆ.

"ನೀ ಓದೀದಿ. ನಾ ನೋಡೇನಿ" ಎಂದಳು. ಅವಳು ನೋಡಿದ ಮಟ್ಟಿಗೆ ಅರಸ ಇನ್ನೂ ಸೋತಿರಲಿಲ್ಲ.

ಚಿತ್ರ ಮಾಡಿದವರು ಇತಿಹಾಸವನ್ನು ಎಷ್ಟು ತಿದ್ದಿದರೆಂದು ಆಮೇಲೆ ಪಾಠ ಹೇಳುವವಳಾಗಿ ನಾನು ಬಹಳ ಮಾತಾಡಿದ್ದೇನೆ. ಅರಸನ ಪೇಟ ತಪ್ಪು, ತೋಪಿನ ಗಾಲಿ ತಪ್ಪು, ಸಾಹೇಬನ ಮೀಸೆ ತಪ್ಪು. ಆ ಮಾತುಗಳೆಲ್ಲ ಸರಿಯೇ, ಒಂದನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಕೋಟೆಯೊಳಗೆ ಸಿಕ್ಕಿಬಿದ್ದವರ ಬಗ್ಗೆ ಬರೆದ ಪುಟ ಬಂದಾಗ ನನ್ನ ಅಂಗೈಯಲ್ಲಿ ಪುಂಡಿ ನಾರು ಜಗ್ಗುತ್ತದೆ. ಕನಸಿನಲ್ಲಿ ಅದು ಹರಿಯುವುದೇ ಇಲ್ಲ. ತಟ್ಟಿಯ ಮೇಲೆ ಅವ್ವನ ಕೆನ್ನೆ, ಗಂಟಿನ ಮೇಲೆ ಅವಳ ಬೆರಳು, ಹಿಂದೆ ಚಪ್ಪಾಳೆ.

ಕೆಲವು ವರ್ಷಗಳ ನಂತರ ಅದೇ ಚಿತ್ರ ಧಾರವಾಡಕ್ಕೆ ಬಂತು. ಗಟ್ಟಿ ಗೋಡೆಯ ಥಿಯೇಟರು, ಅಗಲವಾದ ಬಾಗಿಲುಗಳು. ಪೂರಾ ನೋಡಿಯೇ ಬರುವುದೆಂದು ಹೋದೆ. ಕೋಟೆಗೆ ಬೆಂಕಿ ಬಿತ್ತು. ಬಿಳಿ ಬೆಂಕಿ, ಮೂಲೆಯವರೆಗೂ ಬಿಳಿ. ಆದರೂ ಎದ್ದೆ. ಹೊರಗೆ ಬಂದು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಲ್ಲವೆಂದು ಕೈಯಿಂದ ಮುಟ್ಟಿ ನೋಡಿ, ಬೀದಿಗಿಳಿದೆ.

ಹೀಗಾಗಿ ಆ ಅರಸ ಸೋತದ್ದನ್ನು ನಾನು ಓದಿದ್ದೇನೆ ಅಷ್ಟೆ. ನೋಡಿಲ್ಲ.