ಕ್ರಿಮಿಯಾದಿಂದ ಬಂದ ಧಾರವಾಡದ ಸೊಸೆ

ರೊಟ್ಟಿ ತಟ್ಟುವಾಗ ಅವರ ಮುಂಗೈಯ ಬಂಗಾರದ ಬಣ್ಣದ ಕೂದಲಿಗೆ ಜೋಳದ ಹಿಟ್ಟು ಹತ್ತಿಕೊಂಡಿರುತ್ತಿತ್ತು. ಹಣೆಯ ಮೇಲೆ ಅಗಲವಾದ ಕುಂಕುಮ, ಅದರ ಕೆಳಗೆ ಬೂದಿ ಬೆರೆಸಿದಂಥ ನೀಲಿ ಕಣ್ಣು. ಟೆಕ್ಸಾಸ್‌ನ ಕಾಪೆಲ್‌ನಲ್ಲಿ ನಾವು ಮನೆ ಕೊಂಡ ವಾರ ಬೇಲಿಯ ಆಚೆಯಿಂದ "ಯಾವೂರವರ್ರಿ ನೀವು?" ಅಂತ ದನಿ ಕೇಳಿತು. ಧಾರವಾಡದ ಕಡೆಯವರು ಯಾರೋ ಇದ್ದಾರೆ ಅಂದುಕೊಂಡು ತಿರುಗಿದರೆ, ನನಗಿಂತ ಒಂದು ತಲೆ ಎತ್ತರದ ಬಿಳಿ ಹೆಂಗಸು ನಿಂತಿದ್ದಾರೆ. ಸಾವರಿಸಿಕೊಂಡು "ಮೈಸೂರು" ಅಂದೆ.

"ಹಂಗಾರ ನಿಮ್ಮ ಸಾರು ಸಿಹಿ ಇರತೈತಿ," ಅಂದರು, ಬಹಳ ಗಂಭೀರವಾಗಿ.

ಅವರು ಹುಟ್ಟಿದ್ದು ಕ್ರಿಮಿಯಾದ ಸೆವಾಸ್ಟೊಪೋಲ್‌ನಲ್ಲಿ, ಸೋವಿಯತ್ ಒಕ್ಕೂಟ ಇನ್ನೂ ಇದ್ದಾಗ. ಕ್ರಿಮಿಯಾಕ್ಕೆ ಡಾಕ್ಟರಿಕೆ ಓದಲು ಬಂದಿದ್ದ ಧಾರವಾಡದ ಹುಡುಗನನ್ನು ಮದುವೆಯಾಗಿ, ಅವನ ತಾಯಿಯ ಮನೆಯಲ್ಲಿ ಹಲವು ವರ್ಷ ಸೊಸೆಯಾಗಿದ್ದು, ಆಮೇಲೆ ಗಂಡನ ಕೆಲಸದ ಬೆನ್ನು ಹಿಡಿದು ಟೆಕ್ಸಾಸ್‌ಗೆ ಬಂದವರು. ಕನ್ನಡ ಯಾರು ಕಲಿಸಿದರು ಅಂತ ಒಮ್ಮೆ ಕೇಳಿದೆ. "ನಮ್ಮತ್ತಿ. ಕಲಸಲಿಲ್ಲ, ಬೈದ್ಲು. ಬೈಸ್ಕೊಂಡ ಬೈಸ್ಕೊಂಡ ಕಲತೆ."

ನಾವೆಲ್ಲ ಅವರನ್ನು ಆಂಟಿ ಅಂತ ಕರೆಯುತ್ತಿದ್ದೆವು. ನಾನು ಕೆಲಸದಿಂದ ಬರುವವರೆಗೆ ನನ್ನ ಮಗಳು ಅವರ ಮನೆಯಲ್ಲಿರುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷ್. ಆಂಟಿ ಅದಕ್ಕೆ ಒಂದೇ ಉತ್ತರ ಇಟ್ಟುಕೊಂಡಿದ್ದರು: "ನನಗ ಇಂಗ್ಲಿಷ್ ತಿಳಿಯಂಗಿಲ್ಲವಾ." ಅವಳ ಎದುರಿಗೇ ಫೋನಿನಲ್ಲಿ ಇನ್ಶೂರೆನ್ಸ್‌ನವರ ಜತೆ ಇಂಗ್ಲಿಷ್‌ನಲ್ಲಿ ಜಗಳ ಮಾಡಿ, ಫೋನ್ ಇಟ್ಟು, ಮತ್ತೆ ಅದೇ ಮಾತು. ಮಗಳು ಒಂದಷ್ಟು ದಿನ ಹಟ ಮಾಡಿದಳು. ಹಸಿವಾದಾಗ ಹಟ ಬಿಟ್ಟಳು. ಇವತ್ತು ಅವಳು ಅಜ್ಜಿಯ ಜತೆ ಫೋನಿನಲ್ಲಿ ಮಾತಾಡುವ ಕನ್ನಡ ಮೈಸೂರಿನದಲ್ಲ, ಧಾರವಾಡದ್ದು. ನಮ್ಮಮ್ಮನಿಗೆ ಅರ್ಧ ಅರ್ಥವಾಗುವುದಿಲ್ಲ.

೨೦೧೪ರ ವಸಂತದಲ್ಲಿ ರಷ್ಯಾ ಉಕ್ರೇನಿಗೆ ಸೇರಿದ್ದ ಕ್ರಿಮಿಯಾಕ್ಕೆ ಸೈನ್ಯ ನುಗ್ಗಿಸಿತು. ಆ ತಿಂಗಳಲ್ಲೇ ಒಂದು ಭಾನುವಾರ ನಮ್ಮ ಮನೆಯಲ್ಲಿ ಕನ್ನಡದವರ ಊಟವಿತ್ತು. ಹ್ಯೂಸ್ಟನ್‌ನಿಂದ, ಅಲ್ಲಿ ತೈಲದ ಕಂಪನಿಯ ಕೆಲಸದಲ್ಲಿದ್ದ ನನ್ನ ಗಂಡನ ಗೆಳೆಯ ಬಂದಿದ್ದ. ತಟ್ಟೆ ಕೈಯಲ್ಲಿ ಹಿಡಿದೇ ಗಂಡಸರ ವಾದ ಶುರುವಾಯಿತು.

"ಅವರ ಕಥೆ ಮುಗೀತು ಅಂದ್ಕೊಂಡಿದ್ವಿ. ನೋಡಿ, ಎದ್ದು ಕೂತ್ರು. ಇವತ್ತು ಕ್ರಿಮಿಯಾ, ನಾಳೆ ಪೋಲೆಂಡ್," ಅಂದ ನನ್ನ ಗಂಡ.

"ಎಲ್ಲಾ ಟಿವಿಯವ್ರು ಎಬ್ಬಿಸಿದ ಗಲಾಟೆ. ಅವರ ಹತ್ರ ಇರೋದು ಎಣ್ಣೆ, ಗ್ಯಾಸು. ಅದನ್ನ ಮಾರ್ಬೇಕಲ್ಲ? ಯುದ್ಧ ಮಾಡಿ ಯಾರಿಗೆ ಮಾರ್ತಾರೆ?" ಅಂದ ಹ್ಯೂಸ್ಟನ್‌ನವನು. ಭಾರತಕ್ಕೆ ಅವರು ಹಳೆಯ ಸ್ನೇಹಿತರು ಅಂತ ಇನ್ನೊಬ್ಬರು ಸೇರಿಸಿದರು.

ಆಂಟಿ ರೊಟ್ಟಿ ತುಂಬಿದ ಬುಟ್ಟಿ ಹಿಡಿದು ಒಳಗೆ ಬಂದರು. ಹ್ಯೂಸ್ಟನ್‌ನವನು ಉತ್ಸಾಹದಿಂದ ಅವರ ಕಡೆ ತಿರುಗಿದ. "ಆಂಟಿ, ನೀವೇ ಹೇಳಿ. ರಷ್ಯಾ ನಿಜವಾಗ್ಲೂ ಡೇಂಜರ್ರಾ?"

ಅವರು ಅವನ ತಟ್ಟೆಗೆ ಒಂದು ರೊಟ್ಟಿ ಹಾಕಿದರು. "ನಿಮಗಲ್ಲರಿ. ಟೆಕ್ಸಾಸ್ ಭಾಳ ದೂರ ಐತಿ. ಊಟ ಮಾಡ್ರಿ."

ಎಲ್ಲರೂ ನಕ್ಕರು, ನಾನೂ. ಅಡುಗೆಮನೆಗೆ ಅವರ ಹಿಂದೆ ಹೋದಾಗ ಅವರು ಸಿಂಕ್ ಹಿಡಿದುಕೊಂಡು ನಿಂತಿದ್ದರು. "ಮುಂಜಾನೆ ನಮ್ಮಕ್ಕ ಫೋನ್ ಮಾಡಿದ್ಲು," ಅಂದರು. "ಓಣ್ಯಾಗ ಸಿಪಾಯಿಗಳು ನಿಂತಾರಂತ. ಅಂಗಿ ಮ್ಯಾಲ ಯಾವ ದೇಶದ ಗುರುತೂ ಇಲ್ಲಂತ. ಅಕ್ಕ ಅವರಿಗೆ ಚಹಾ ಕೊಟ್ಟು ಬಂದಾಳ. ನಮ್ಮವರು ಬಂದ್ರು ಅಂತ ಅಳಾಕತ್ತಿದ್ಲು, ಖುಷಿಗೆ."

"ನೀವೇನಂದ್ರಿ?"

"ಅವ್ವನ ಕಾಲನೋವು ಹೆಂಗೈತಿ ಅಂತ ಕೇಳಿದೆ."

ಅಕ್ಕ ತಾಯಿಯ ಜತೆ ಸೆವಾಸ್ಟೊಪೋಲ್‌ನಲ್ಲಿದ್ದರು. ತಮ್ಮ ಉಕ್ರೇನಿನ ಖಾರ್ಕಿವ್‌ನಲ್ಲಿ. ಅಕ್ಕನೂ ತಮ್ಮನೂ ಆ ತಿಂಗಳೇ ಮಾತು ಬಿಟ್ಟರು. ಬೇಸಿಗೆಯಲ್ಲಿ ತಮ್ಮನ ಮಗ ಉಕ್ರೇನಿನ ಸೈನ್ಯಕ್ಕೆ ಸೇರಿ, ರಷ್ಯಾದ ಪರ ಇದ್ದವರ ಜತೆ ಕಾದಾಡಲು ಪೂರ್ವಕ್ಕೆ ಹೋದ. ಬೇಸಿಗೆ ಮುಗಿಯುವ ಮೊದಲೇ ಸತ್ತ. ಸುದ್ದಿ ಬಂದ ದಿನ ನಾನು ಅವರ ಮನೆಗೆ ಹೋದೆ. ಆಂಟಿ ನನ್ನ ಮಗಳ ಜಡೆ ಹೆಣೆಯುತ್ತಿದ್ದರು. "ಹುಡುಗ ಹೋದ," ಅಂದರು. ಜಡೆ ಪೂರ್ತಿ ಹೆಣೆದು, ರಬ್ಬರ್ ಬ್ಯಾಂಡ್ ಹಾಕಿ, ಅವಳನ್ನು ಆಡಲು ಕಳಿಸಿದರು. ನಾನು ತಬ್ಬಿಕೊಂಡೆ. ಮರದ ಕಂಬವನ್ನು ತಬ್ಬಿದ ಹಾಗಿತ್ತು.

ಮರುವರ್ಷ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕ್ರಿಮಿಯಾ ರಷ್ಯಾದ ಕೈಗೆ ಹೋಗಿತ್ತು, ನೋಡಲು ಹೋಗಬೇಕೆಂದರೆ ಈಗ ರಷ್ಯಾದ ವೀಸಾ ಬೇಕು. "ನಮ್ಮವ್ವನ ಮನಿಗೆ ಹೋಗಾಕ ಅವರನ್ನ ಕೇಳಬೇಕಾ?" ಅಂತ ಆಂಟಿ ಕೆಲವು ವಾರ ಅರ್ಜಿಯನ್ನೇ ಹಾಕಲಿಲ್ಲ. ಅವರ ಗಂಡ, ನಾವು ಅಂಕಲ್ ಅನ್ನುತ್ತಿದ್ದವರು, ಒತ್ತಾಯ ಮಾಡಲಿಲ್ಲ. ಒಂದು ಬೆಳಗ್ಗೆ ಆಂಟಿಯೇ ಬಂದು "ಹ್ಯೂಸ್ಟನ್‌ಗೆ ಕರ್ಕೊಂಡ ಹೋಗ್ತೀಯೇನವಾ?" ಅಂದರು. ಅಂಕಲ್‌ಗೆ ಆಸ್ಪತ್ರೆಯ ಡ್ಯೂಟಿ ಇತ್ತು. ನಾನು ರಜೆ ಹಾಕಿ ಡ್ರೈವ್ ಮಾಡಿದೆ.

ಅಲ್ಲಿ ರಷ್ಯಾದ ವೀಸಾ ಕಚೇರಿಯ ಕಿಟಕಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಅರ್ಜಿ ನೋಡಿ, ನಗುಮುಖದಿಂದ ರಷ್ಯನ್‌ನಲ್ಲಿ ಏನೋ ಅಂದಳು. ಆಂಟಿ ತಲೆಯಾಡಿಸಿ ಸಹಿ ಹಾಕಿದರು. ಕಾರಿಗೆ ಬಂದ ಮೇಲೆ ಏನಂದಳು ಅಂತ ಕೇಳಿದೆ.

"'ಹಂಗಾರ ನೀವೂ ನಮ್ಮ ದೇಶದಾಗ ಹುಟ್ಟಿದವರು' ಅಂದ್ಲು. ಪ್ರೀತಿಲೇ ಅಂದ್ಲು, ಪಾಪ."

"ನೀವು?"

"ಹೂಂ ಅಂದೆ. ಅವ್ವನ್ನ ನೋಡಬೇಕಲ್ಲ." ಸೀಟ್ ಬೆಲ್ಟ್ ಹಾಕಿಕೊಂಡು ಅಂದರು: "ಕೈ ನಡಗತೈತಿ ಅಂತ ತಿಳಕೊಂಡಿದ್ದೆ. ನಡಗಲಿಲ್ಲ. ಏನೂ ಆಗಲಿಲ್ಲ."

ಮಾಸ್ಕೋ ಮೇಲಿಂದ ಹೋಗಿ ಬಂದರು. ಅಲ್ಲಿ ಏನಾಯಿತು ಅಂತ ಒಂದೇ ಸಲ ಹೇಳಲಿಲ್ಲ. ರೊಟ್ಟಿ ತಟ್ಟುತ್ತಾ ಒಂದಿಷ್ಟು, ಬಟ್ಟೆ ಮಡಿಸುತ್ತಾ ಒಂದಿಷ್ಟು. ಅಕ್ಕ ವಿಮಾನ ನಿಲ್ದಾಣಕ್ಕೆ ಹೂ ಹಿಡಿದು ಬಂದಿದ್ದರಂತೆ. ಮನೆಯ ಬಾಲ್ಕನಿಯಿಂದ ಸಮುದ್ರದಲ್ಲಿ ಯುದ್ಧದ ಹಡಗುಗಳು ಕಾಣುತ್ತಿದ್ದವಂತೆ. ಚಿಕ್ಕವರಿದ್ದಾಗಲೂ ಕಾಣುತ್ತಿದ್ದವು, ಆಗ ಅಕ್ಕ ತಂಗಿ ಅವುಗಳಿಗೆ ಕೈ ಬೀಸುತ್ತಿದ್ದರು. ತಾಯಿಗೆ ಮೊಮ್ಮಗ ಸತ್ತದ್ದು ಗೊತ್ತಿರಲಿಲ್ಲ. ಹುಡುಗ ಯಾಕೆ ಫೋನ್ ಮಾಡುವುದಿಲ್ಲ ಅಂತ ದಿನವೂ ಕೇಳುವರು. ಪೋಲೆಂಡ್‌ನಲ್ಲಿ ಕೆಲಸ ಸಿಕ್ಕಿದೆ ಅನ್ನುವರು ಅಕ್ಕ. ಬಹಳ ಒಳ್ಳೆಯ ಕೆಲಸ ಅನ್ನುವರು ಆಂಟಿ.

"ಅಷ್ಟೂ ದಿನದಾಗ ನಾವಿಬ್ಬರೂ ಕೂಡಿ ಆಡಿದ ಮಾತಂದ್ರ ಅದೊಂದ."

"ಅಕ್ಕನ ಮೇಲೆ ಸಿಟ್ಟು ಬರಲ್ವಾ ಆಂಟಿ?"

"ಬರಲಿ ಅಂತ ಕಾಯಾಕತ್ತೀನಿ," ಅಂದರು. "ಬರವಲ್ದು."

ಅಲ್ಲಿಂದ ಬಂದ ಮೇಲೆ ಅವರು ಅಂಕಲ್ ಜತೆಗೂ ರಷ್ಯನ್ ಆಡುವುದನ್ನು ಬಿಟ್ಟರು. ಶಪಥವೇನೂ ಮಾಡಿದವರಲ್ಲ. ಬಾಯಿಗೆ ಬರುತ್ತಿಲ್ಲ ಅಂದರು ಅಷ್ಟೆ. ಮನೆಯಲ್ಲಿ ಧಾರವಾಡದ ಕನ್ನಡವೊಂದೇ ಉಳಿಯಿತು. ಮೂರು ವರ್ಷದ ಮೇಲೆ ಕ್ಯಾನ್ಸರ್ ಅಂತ ಗೊತ್ತಾದಾಗ ಡಾಕ್ಟರಾದ ಅಂಕಲ್ ಕುಸಿದರು, ಇವರು ಕುಸಿಯಲಿಲ್ಲ. ಆಸ್ಪತ್ರೆಯಲ್ಲಿ ನೋವಿನ ಔಷಧಿಯ ಮಂಪರಿನಲ್ಲಿ ನರ್ಸ್‌ಗೆ "ನೀರು ಕೊಡವಾ" ಅನ್ನುತ್ತಿದ್ದರು. ಈಕೆಯದು ಯಾವ ಭಾಷೆ ಅಂತ ನರ್ಸ್ ನನ್ನನ್ನು ಕೇಳಿದಳು. ಹೇಳಿದೆ. ಅವಳು ನಂಬಲಿಲ್ಲ.

ಅಂತ್ಯಕ್ರಿಯೆ ಇಲ್ಲೇ ಆಯಿತು. ಆಂಟಿಯ ಅಕ್ಕನೂ ತಮ್ಮನೂ ಫೋನಿನಲ್ಲಿ ನೋಡುತ್ತೇವೆ ಅಂದರು, ಆದರೆ ಇಬ್ಬರೂ ಒಂದೇ ಕಾಲ್‌ನಲ್ಲಿ ಇರಲು ಒಪ್ಪಲಿಲ್ಲ. ಅದಕ್ಕೆ ಎರಡು ಫೋನ್. ಅಕ್ಕನ ಫೋನ್ ಅಂಕಲ್ ಕೈಯಲ್ಲಿ, ತಮ್ಮನದು ನನ್ನ ಕೈಯಲ್ಲಿ. ಒಬ್ಬರಿಗೊಬ್ಬರು ಕಾಣದ ಹಾಗೆ ಹಿಡಿದುಕೊಂಡು ಶವದ ಪೆಟ್ಟಿಗೆಯ ಎರಡು ಕಡೆ ನಿಂತೆವು. ಮಗಳು ಅವರ ಹಣೆಗೆ ಕುಂಕುಮವಿಟ್ಟು "ಹೋಗಿ ಬರ್ರಿ ಆಂಟಿ" ಅಂದಳು.

ಆಗ ನನ್ನ ಫೋನಿನಲ್ಲಿ ತಮ್ಮ ಏನೋ ಕೇಳಿದರು. ಅಂಕಲ್ ಕಡೆ ನೋಡಿದೆ. "ಅಕ್ಕ ನೋಡಾಕತ್ತಾಳೇನು ಅಂತ ಕೇಳ್ತಾನ," ಅಂದರು ಅಂಕಲ್. ಆಮೇಲೆ ರಷ್ಯನ್‌ನಲ್ಲಿ, ಹೌದು, ಇದ್ದಾಳೆ ಅಂತ ಅವನಿಗೆ ಹೇಳಿದರು.

ತಮ್ಮ ಈಗ ಫೋನ್ ಕಟ್ ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ. ಅಕ್ಕನೂ ಮಾಡಲಿಲ್ಲ. ಪೆಟ್ಟಿಗೆ ಮುಚ್ಚಿ ಒಯ್ಯುವವರೆಗೂ ಇಬ್ಬರೂ ಇದ್ದರು. ನನ್ನ ತೋಳು ಮರಗಟ್ಟಿತ್ತು. ಇಳಿಸಲಿಲ್ಲ.